ತಾರೆಗಳ ನಡುವಣ ಇಲ್ಲಣ

ಇರುಳು ದೀಪವಾರಿದ ಮೇಲೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಗುತ್ತದೆ. ನಡುಮನೆಯಲ್ಲಿ ಮಲಗಿರುವ ಅಜ್ಜಿ ಕಣ್ಣು ತೆರೆಯುವುದಿಲ್ಲ. ಮಲಗಿದ್ದಲ್ಲಿಂದಲೇ, "ಬೆಕ್ಕು ಕಂಚಿನ ತಟ್ಟೆ ಕೆಡವಿತು" ಎನ್ನುತ್ತಾಳೆ. ಬಿದ್ದದ್ದು ಹಿತ್ತಾಳೆಯ ಬಿಂದಿಗೆಯಲ್ಲ, ಮಣ್ಣಿನ ಗಡಿಗೆಯಲ್ಲ, ಕಂಚಿನ ತಟ್ಟೆಯೇ ಎಂಬುದು ಅವಳಿಗೆ ಹೇಗೆ ತಿಳಿಯಿತು? ಒಂದೊಂದು ಪಾತ್ರೆಗೂ ಅದರದೇ ಆದ ನಾದವುಂಟು. ಪಾತ್ರೆಯ ಲೋಹ, ಗಾತ್ರ, ಆಕಾರ, ದಪ್ಪ ಇವೆಲ್ಲ ಕೂಡಿ ಆ ನಾದವನ್ನು ನಿರ್ಣಯಿಸುತ್ತವೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದೂ ಇದೇ ಕಾರಣಕ್ಕೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ.

ನಕ್ಷತ್ರಗಳ ನಡುವಣ ಬಯಲಿನಲ್ಲಿ ಯಾವ ಯಾವ ವಸ್ತುಗಳಿವೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡ ಬಗೆಯು ಅಜ್ಜಿಯ ಈ ಜಾಣ್ಮೆಗೆ ತೀರ ದೂರವಾದುದಲ್ಲ. ಆದರೆ ಅಲ್ಲಿಂದ ಸದ್ದು ಇಲ್ಲಿಯವರೆಗೆ ಬಾರದು. ಬರುವುದು ಬೆಳಕು ಮಾತ್ರ. ಅದರಲ್ಲಿಯೂ ಈ ವೃತ್ತಾಂತಕ್ಕೆ ಸಂಬಂಧಿಸಿದ ಬೆಳಕು ಮನುಷ್ಯನ ಕಣ್ಣಿಗೆ ಕಾಣುವಂಥದಲ್ಲ.

ಆ ಬೆಳಕನ್ನು ಮೊದಲು ಗುರುತಿಸಿದವನು ವಿಲಿಯಂ ಹರ್ಷೆಲ್. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ವಲಸೆ ಬಂದು, ಸಂಗೀತಗಾರನಾಗಿ ಜೀವನ ಸಾಗಿಸುತ್ತಿದ್ದ ಆತನು ತನ್ನ ಕೈಯಿಂದಲೇ ದೂರದರ್ಶಕಗಳನ್ನು ಕಟ್ಟಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಲೋಕಪ್ರಸಿದ್ಧನಾದನು. ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುವಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಾದರೂ ಕಣ್ಣಿಗೆ ಕಾವು ತಟ್ಟುತ್ತಿತ್ತು. ಮತ್ತೆ ಕೆಲವುಗಳಲ್ಲಿ ಬೆಳಕು ಹೆಚ್ಚಾಗಿದ್ದರೂ ಕಾವು ಇರಲಿಲ್ಲ. ಹಾಗಾದರೆ ಬಣ್ಣ ಬಣ್ಣಕ್ಕೂ ಕಾವು ಬೇರೆಯೇ? ಇದನ್ನು ಪರೀಕ್ಷಿಸಲು 1800ರಲ್ಲಿ ಅವನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಏಳು ಬಣ್ಣಗಳ ರೋಹಿತವನ್ನು ಮೇಜಿನ ಮೇಲೆ ಬೀಳಿಸಿದನು. ಬುರುಡೆಗೆ ಕಪ್ಪು ಬಳಿದ ಉಷ್ಣಮಾಪಕವನ್ನು ನೇರಳೆ, ಹಸುರು, ಕೆಂಪು ಬಣ್ಣಗಳಲ್ಲಿ ಇಟ್ಟು ನೋಡಿದನು. ನೇರಳೆಯಿಂದ ಕೆಂಪಿನ ಕಡೆಗೆ ಹೋದಂತೆ ಕಾವು ಏರಿತು. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಸಾಮಾನ್ಯ ಪ್ರಯೋಗವಾಗುತ್ತಿತ್ತು. ಹರ್ಷೆಲನು ಉಷ್ಣಮಾಪಕವನ್ನು ಕೆಂಪಿನ ಆಚೆಗೆ, ಕಣ್ಣಿಗೆ ಏನೂ ಕಾಣದ ಕಡೆಗೆ ಸರಿಸಿದನು. ಪಾದರಸ ಇನ್ನೂ ಮೇಲಕ್ಕೇರಿತು! ಕೆಂಪಿನ ಆಚೆಗೂ ಬೆಳಕು ಹಬ್ಬಿದೆ, ಅದು ಕಾಣುವುದಿಲ್ಲ ಅಷ್ಟೆ ಎಂದು ಅವನು ಅರಿತನು. ಅದನ್ನೇ ನಾವು ಅವಕೆಂಪು ಬೆಳಕು ಎನ್ನುತ್ತೇವೆ. ಒಲೆಯ ಕೆಂಡ ನಂದಿ ಕಪ್ಪಾದ ಮೇಲೂ ಅದರ ಬಳಿ ಹಿಡಿದ ಅಂಗೈಗೆ ತಟ್ಟುವ ಕಾವು ಈ ಬೆಳಕಿನದೇ.

ಹರ್ಷೆಲನು ಬದುಕಿದ್ದ ಕಾಲದಲ್ಲಿ ನಕ್ಷತ್ರಗಳು ಯಾವ ವಸ್ತುವಿನಿಂದಾದುವು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟನು 1835ರಲ್ಲಿ, ನಕ್ಷತ್ರಗಳ ರಾಸಾಯನಿಕ ಸ್ವರೂಪವನ್ನು ಮನುಷ್ಯನು ಎಂದಿಗೂ ಅರಿಯಲಾರನೆಂದು ಖಚಿತವಾಗಿ ಬರೆದನು. ಕಾಲು ಶತಮಾನ ಕಳೆಯುವುದರೊಳಗಾಗಿಯೇ ಆ ಮಾತು ಸುಳ್ಳಾಯಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಎಂಬ ವಿಜ್ಞಾನಿಗಳು 1859ರ ವೇಳೆಗೆ, ಪ್ರತಿಯೊಂದು ಧಾತುವೂ ಕಾದು ಆವಿಯಾದಾಗ ರೋಹಿತದಲ್ಲಿ ತನ್ನದೇ ಆದ ಗೆರೆಗಳನ್ನು ಮೂಡಿಸುತ್ತದೆಂದು ತೋರಿಸಿಕೊಟ್ಟರು. ಇದಾದ ಒಂಬತ್ತು ವರ್ಷಗಳಿಗೆ, 1868ರ ಆಗಸ್ಟ್ 18ರಂದು, ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ನೆರೆಯ ಆಂಧ್ರದ ಗುಂಟೂರಿಗೆ ಬಂದು, ಸೂರ್ಯನ ಅಂಚಿನ ಜ್ವಾಲೆಗಳನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿದನು. ಆ ಜ್ವಾಲೆಗಳಲ್ಲಿ ಕಂಡ ಒಂದು ಹಳದಿ ಗೆರೆಯು ಭೂಮಿಯಲ್ಲಿ ತಿಳಿದಿದ್ದ ಯಾವ ಧಾತುವಿಗೂ ಸೇರದೆಂದು ಇಂಗ್ಲೆಂಡಿನ ಲಾಕಿಯರ್ ವಾದಿಸಿದನು. ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. ಅದೇ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ಈ ಹೀಲಿಯಂ ಮುಂದೆ ಮತ್ತೊಮ್ಮೆ ನಮ್ಮ ಕಥೆಯೊಳಗೆ ಬರಲಿದೆ.

ಧಾತುಗಳ ಮಾತು ಹೀಗಾಯಿತು. ಪರಮಾಣುಗಳು ಒಂದಕ್ಕೊಂದು ಕೂಡಿಕೊಂಡು ಆದ ಅಣುಗಳ ಮಾತೇನು? ಸಕ್ಕರೆ, ಎಣ್ಣೆ, ಮದ್ಯಸಾರ, ಕರ್ಪೂರ, ಡಾಂಬರು ಇವೆಲ್ಲವೂ ಇಂಗಾಲದ ಪರಮಾಣುಗಳನ್ನು ಬೆನ್ನೆಲುಬಾಗಿ ಉಳ್ಳ ಸಾವಯವ ಅಣುಗಳಿಂದಾದುವು. ಜೀವಿಗಳ ದೇಹವೂ ಅಂಥ ಅಣುಗಳಿಂದಲೇ ಆದದ್ದು. ಇವು ಭೂಮಿಯಲ್ಲಿ ಮಾತ್ರ ಹುಟ್ಟಿದುವೋ, ಭೂಮಿ ಹುಟ್ಟುವ ಮೊದಲೇ ಆಕಾಶದಲ್ಲಿ ಇದ್ದುವೋ ಎಂಬ ಪ್ರಶ್ನೆ ಸಣ್ಣದಲ್ಲ.

ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧವನ್ನು ಸುರುಳಿತಂತಿಗೆ ಹೋಲಿಸಬಹುದು. ಸುರುಳಿಯ ಎರಡು ತುದಿಗಳಿಗೆ ಗುಂಡುಗಳನ್ನು ಸಿಕ್ಕಿಸಿ ಎಳೆದು ಬಿಟ್ಟರೆ ಅವು ಹಿಂದಕ್ಕೂ ಮುಂದಕ್ಕೂ ಕಂಪಿಸುತ್ತವೆ. ಗುಂಡು ಹಗುರವಾಗಿದ್ದರೆ ಕಂಪನ ಬೇಗ ಬೇಗನೆ, ಭಾರವಾಗಿದ್ದರೆ ನಿಧಾನ. ಸುರುಳಿ ಬಿಗಿಯಾಗಿದ್ದರೆ ಬೇಗ, ಸಡಿಲವಾಗಿದ್ದರೆ ನಿಧಾನ. ಅಣುವಿನ ಬಂಧಗಳೂ ಹೀಗೆಯೇ ಸದಾ ಹಿಗ್ಗುತ್ತ, ಕುಗ್ಗುತ್ತ, ಬಾಗುತ್ತ ಇರುತ್ತವೆ. ಈ ಕಂಪನಗಳ ವೇಗವು ಸರಿಯಾಗಿ ಅವಕೆಂಪು ಬೆಳಕಿನ ಅಲೆಗಳ ವೇಗಕ್ಕೆ ಹೊಂದುತ್ತದೆ. ಆದುದರಿಂದ ಅಣುವು ತನ್ನ ಕಂಪನಕ್ಕೆ ಹೊಂದುವ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಾದಿದ್ದರೆ ಅದೇ ಬೆಳಕನ್ನು ಹೊರಕ್ಕೆ ಬಿಡುತ್ತದೆ. ಹಗುರವಾದ ಜಲಜನಕವು ಇಂಗಾಲಕ್ಕೆ ಅಂಟಿಕೊಂಡಿದ್ದರೆ ಆ ಬಂಧದ ಬೆಳಕಿನ ತರಂಗಾಂತರ ಸುಮಾರು 3.3ರಿಂದ 3.4 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ಕಣ್ಣು ಕಾಣುವುದು 0.4ರಿಂದ 0.7 ಮೈಕ್ರಾನಿನವರೆಗಿನ ಬೆಳಕನ್ನು ಮಾತ್ರ. ಇಂಗಾಲಗಳು ಬೆಂಜೀನಿನಂತೆ ಆರು ಮೂಲೆಯ ಉಂಗುರಗಳಾಗಿ ಹೆಣೆದುಕೊಂಡಿದ್ದರೆ ಅದು 3.3ರ ಹತ್ತಿರ, ಮೇಣದಲ್ಲಿರುವಂತೆ ಸರಪಣಿಯಾಗಿದ್ದರೆ 3.4ರ ಹತ್ತಿರ ಕಾಣಿಸುತ್ತದೆ. ಅಮೆರಿಕದ ಕೋಬ್ಲೆಂಟ್ಸ್ ಎಂಬಾತನು ಅನೇಕ ಸಂಯುಕ್ತಗಳ ಅವಕೆಂಪು ರೋಹಿತಗಳನ್ನು ತಾಳ್ಮೆಯಿಂದ ಅಳೆದು 1905ರಲ್ಲಿ ಪ್ರಕಟಿಸಿದ ಮೇಲೆ ರಸಾಯನಶಾಸ್ತ್ರಜ್ಞರಿಗೆ ಇದು ಬೆರಳಚ್ಚಿನಂತೆ ಒದಗಿತು.

ಆದರೆ ಆಕಾಶದ ಕಡೆಗೆ ಇದನ್ನು ತಿರುಗಿಸುವುದಕ್ಕೆ ದೊಡ್ಡ ಅಡ್ಡಿಯಿತ್ತು. ಭೂಮಿಯ ವಾತಾವರಣದ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಅಣುಗಳೇ. ಅವೂ ಅವಕೆಂಪು ಬೆಳಕನ್ನು ಹೀರುತ್ತವೆ. ನಡುನಡುವೆ ಕೆಲವು ಕಿಟಕಿಗಳನ್ನು ಬಿಟ್ಟರೆ ಉಳಿದೆಡೆ ಗೋಡೆಯೇ. ಇದು ಸಾಲದೆಂಬಂತೆ ಗಾಳಿ, ದೂರದರ್ಶಕದ ಕೊಳವೆ, ಅದರ ಕನ್ನಡಿ ಎಲ್ಲವೂ ತಮ್ಮ ಕಾವಿನಿಂದ ತಾವೇ ಅವಕೆಂಪಿನಲ್ಲಿ ಬೆಳಗುತ್ತವೆ. ಹಗಲು ಹೊತ್ತಿನಲ್ಲಿ, ಉರಿಯುವ ಪಂಜುಗಳಿಂದಲೇ ಕಟ್ಟಿದ ದೂರದರ್ಶಕದಲ್ಲಿ ನಕ್ಷತ್ರ ನೋಡಿದಂತೆ ಇದು. ಆದ್ದರಿಂದ ಉಪಕರಣಗಳನ್ನು ಮೇಲಕ್ಕೆ ಒಯ್ಯಬೇಕಾಯಿತು, ತಣ್ಣಗಾಗಿಸಬೇಕಾಯಿತು. 1974ರಿಂದ 1995ರವರೆಗೆ ಅಮೆರಿಕದ ಕೈಪರ್ ವಿಮಾನವು ದೂರದರ್ಶಕವನ್ನು ಹೊತ್ತು ಹಾರಿತು. ನಮ್ಮ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಒಂದು ಮೀಟರ್ ಕನ್ನಡಿಯ ದೂರದರ್ಶಕವನ್ನು ಹೈದರಾಬಾದಿನಿಂದ ಬಲೂನಿನಲ್ಲಿ ಹಾರಿಸಿದರು. 1983ರಲ್ಲಿ ಐರಾಸ್ ಎಂಬ ಉಪಗ್ರಹವು ಮೊದಲ ಬಾರಿಗೆ ಇಡೀ ಆಕಾಶವನ್ನು ಅವಕೆಂಪಿನಲ್ಲಿ ಶೋಧಿಸಿತು. ಅದನ್ನು ತಣ್ಣಗಿಟ್ಟದ್ದು ದ್ರವ ಹೀಲಿಯಂ. ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಗೆರೆಯಿಂದ ಹೆಸರು ಪಡೆದ ಧಾತುವೇ ಕಾಣದ ಬೆಳಕಿನ ಗೆರೆಗಳನ್ನು ಹುಡುಕಲು ನೆರವಾದದ್ದು ಒಂದು ಸೊಗಸು.

ಒಗಟು ಹುಟ್ಟಿದ್ದು 1973ರಲ್ಲಿ. ಗಿಲೆಟ್, ಫಾರೆಸ್ಟ್, ಮೆರಿಲ್ ಎಂಬ ಮೂವರು ಅಮೆರಿಕನ್ನರು ಕೆಲವು ಗ್ರಹೀಯ ನೀಹಾರಿಕೆಗಳನ್ನು ಪರೀಕ್ಷಿಸುತ್ತಿದ್ದರು. ಗ್ರಹೀಯ ನೀಹಾರಿಕೆಗೂ ಗ್ರಹಕ್ಕೂ ಏನೂ ಸಂಬಂಧವಿಲ್ಲ. ಮುಪ್ಪಿನ ನಕ್ಷತ್ರವು ತನ್ನ ಹೊರಪದರಗಳನ್ನು ಕಳಚಿ ಚೆಲ್ಲಿದ ಅನಿಲವದು. ದೂರದರ್ಶಕದಲ್ಲಿ ಗ್ರಹದ ಬಿಲ್ಲೆಯಂತೆ ಕಂಡುದರಿಂದ ಹರ್ಷೆಲನೇ ಆ ಹೆಸರಿಟ್ಟನು, ತಪ್ಪು ಹೆಸರೇ ಉಳಿಯಿತು. ಆ ನೀಹಾರಿಕೆಗಳ ರೋಹಿತದಲ್ಲಿ 11.3 ಮೈಕ್ರಾನಿನ ಬಳಿ ಅಗಲವಾದ ಒಂದು ಹೊಳೆಯುವ ಪಟ್ಟೆ ಕಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ 3.3, 6.2, 7.7, 8.6 ಮೈಕ್ರಾನುಗಳಲ್ಲಿಯೂ ಪಟ್ಟೆಗಳು ಕಂಡವು. ಹುಡುಕಿದಲ್ಲೆಲ್ಲ ಇವು ಒಟ್ಟೊಟ್ಟಿಗೆ ಬರುತ್ತಿದ್ದುವು. ಯಾವ ವಸ್ತುವಿನವು ಎಂದು ಮಾತ್ರ ಯಾರಿಗೂ ಹೇಳಲಾಗಲಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವುಗಳಿಗೆ ಇದ್ದ ಹೆಸರು 'ಗುರುತಿಲ್ಲದ ಅವಕೆಂಪು ಪಟ್ಟೆಗಳು' ಎಂದೇ. ತಿಳಿಯದುದನ್ನು ತಿಳಿಯದೆಂದು ಹೆಸರಿನಲ್ಲಿಯೇ ಒಪ್ಪಿಕೊಂಡ ಆ ನಡವಳಿಕೆ ಮೆಚ್ಚತಕ್ಕದ್ದು.

ಮೊದಲ ಸುಳಿವು ದೊರಕಿದ್ದು ಉಷ್ಣತೆಯಿಂದ. ನಕ್ಷತ್ರದ ಸುತ್ತಲಿನ ಧೂಳಿನ ಕಣಗಳು ನಕ್ಷತ್ರದಿಂದ ದೂರ ಹೋದಷ್ಟೂ ತಣ್ಣಗಾಗಿರಬೇಕು. ಒಲೆಯಿಂದ ದೂರ ಕುಳಿತವನಿಗೆ ಚಳಿ ಹೆಚ್ಚು ತಾನೆ? ಆದರೆ ಅಮೆರಿಕದ ಕ್ರಿಸ್ ಸೆಲ್ಗ್ರೆನ್ ಎಂಬಾಕೆ ಕೆಲವು ನೀಹಾರಿಕೆಗಳನ್ನು ಅಳೆದಾಗ, ನಕ್ಷತ್ರದಿಂದ ಎಷ್ಟೇ ದೂರ ಹೋದರೂ ಈ ಬೆಳಕನ್ನು ಸೂಸುವ ಕಣಗಳು ಸುಮಾರು ಸಾವಿರ ಡಿಗ್ರಿಯಷ್ಟು ಕಾದಂತೆಯೇ ತೋರುತ್ತಿದ್ದುವು. ಅದು ಹೇಗೆ ಸಾಧ್ಯ? ಒಂದು ಸೌಟು ಕುದಿನೀರನ್ನು ತಣ್ಣೀರು ತುಂಬಿದ ಹಂಡೆಗೆ ಸುರಿದರೆ ಹಂಡೆ ಬಿಸಿಯಾಗದು. ಅದನ್ನೇ ಒಂದು ಚಮಚ ತಣ್ಣೀರಿಗೆ ಸುರಿದರೆ ನೀರೆಲ್ಲ ಸುಡುತ್ತದೆ. ಕಣವು ಅತ್ಯಂತ ಚಿಕ್ಕದಾಗಿದ್ದರೆ, ನಕ್ಷತ್ರದಿಂದ ಬಂದ ಅತಿನೇರಳೆ ಬೆಳಕಿನ ಒಂದೇ ಒಂದು ಕಣಿಕೆ ತಗುಲಿದರೂ ಅದು ಕ್ಷಣಮಾತ್ರ ಕಾದು ಕೆಂಡವಾಗಿ, ಆ ಕಾವನ್ನು ಅವಕೆಂಪಿನಲ್ಲಿ ಹೊರಚೆಲ್ಲಿ ಮತ್ತೆ ತಣ್ಣಗಾಗುತ್ತದೆ. ದೂರದಲ್ಲಿದ್ದರೆ ಅಂಥ ಪೆಟ್ಟು ಅಪರೂಪವಾಗಿ ಬೀಳುತ್ತದೆಯೇ ಹೊರತು ಪೆಟ್ಟಿನ ಬಲ ಕುಗ್ಗುವುದಿಲ್ಲ. ಲೆಕ್ಕ ಹಾಕಿದಾಗ ಆ ಕಣದಲ್ಲಿ ಇರಬಹುದಾದುದು ಹತ್ತಾರು ಪರಮಾಣುಗಳಷ್ಟೇ ಎಂದು ಹೊರಬಿದ್ದಿತು. ಅಷ್ಟು ಚಿಕ್ಕದನ್ನು ಧೂಳಿನ ಕಣವೆನ್ನುವುದಕ್ಕಿಂತ ದೊಡ್ಡ ಅಣುವೆನ್ನುವುದೇ ಸರಿ.

ಯಾವ ಅಣು? 1984ರಲ್ಲಿ ಫ್ರಾನ್ಸಿನ ಲೆಜೆ ಮತ್ತು ಪ್ಯುಜೆ, 1985ರಲ್ಲಿ ಅಲಮಂಡೋಲ, ಟೀಲೆನ್ಸ್, ಬಾರ್ಕರ್ ಎಂಬವರು ಒಂದೇ ಉತ್ತರಕ್ಕೆ ಬಂದರು. ಆರು ಮೂಲೆಯ ಇಂಗಾಲದ ಉಂಗುರಗಳು ಜೇನುಗೂಡಿನ ಕೋಣೆಗಳಂತೆ ಒತ್ತೊತ್ತಾಗಿ ಹೆಣೆದು, ಅಂಚಿನಲ್ಲಿ ಜಲಜನಕವನ್ನು ಧರಿಸಿರುವ ಅಣುಗಳು ಅವು. ರಸಾಯನಶಾಸ್ತ್ರದಲ್ಲಿ ಅವುಗಳಿಗೆ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೆಂದು ಹೆಸರು. ಹೆಸರು ಉದ್ದವಾದರೂ ವಸ್ತು ಅಪರಿಚಿತವಲ್ಲ. ಟ್ರಂಕಿನ ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್ ಈ ಕುಲದ ಅತ್ಯಂತ ಕಿರಿಯ ಸದಸ್ಯ. ಅದರಲ್ಲಿ ಎರಡೇ ಉಂಗುರಗಳು. ಡಾಂಬರಿನಲ್ಲಿ, ಮೋಟಾರಿನ ಹೊಗೆಯಲ್ಲಿ, ಸೌದೆ ಒಲೆಯ ಮೇಲಿನ ಜಂತೆಗಳಿಗೆ ಜೋತುಬಿದ್ದಿರುವ ಇಲ್ಲಣದಲ್ಲಿ ಇದರ ದೊಡ್ಡ ಬಳಗವೇ ಇದೆ. ಅಲಮಂಡೋಲ ಮತ್ತು ಸಂಗಡಿಗರು ನೀಹಾರಿಕೆಯ ಬೆಳಕನ್ನು ಮೋಟಾರು ಹೊಗೆಯ ಮಸಿಯ ರೋಹಿತದ ಪಕ್ಕದಲ್ಲಿಟ್ಟು ಹೋಲಿಸಿದರು. ಮಸಿಯ ಆ ರೋಹಿತ ರಾಮನ್ ಪರಿಣಾಮದಿಂದ ಪಡೆದದ್ದೆಂಬುದು ನಮಗೆ ನೆನಪಿಡತಕ್ಕ ಸಂಗತಿ. ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, 1933ರಿಂದ ಬೆಂಗಳೂರಿನಲ್ಲಿ ನೆಲೆಸಿ ಮುಂದುವರಿಸಿದ ಆ ಶೋಧವು ಅಣುಗಳ ಕಂಪನವನ್ನು ಓದುವ ಇನ್ನೊಂದು ವಿಧಾನ.

ಇಲ್ಲಿ ಒಂದು ಎಚ್ಚರಿಕೆಯ ಪ್ರಸಂಗವನ್ನು ಹೇಳಬೇಕು. ನಮ್ಮ ಆಕಾಶಗಂಗೆಯ ಕೇಂದ್ರದ ದಿಕ್ಕಿನಲ್ಲಿರುವ ಒಂದು ನಕ್ಷತ್ರದ ಬೆಳಕು ನಮ್ಮ ಕಡೆಗೆ ಬರುವಾಗ 3.4 ಮೈಕ್ರಾನಿನ ಬಳಿ ಸ್ವಲ್ಪ ಹೀರಲ್ಪಡುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾದಲ್ಲಿ ಹುಟ್ಟಿದ ಚಂದ್ರ ವಿಕ್ರಮಸಿಂಘೆ ಅವರು 1982ರಲ್ಲಿ ಇದನ್ನು ಒಣಗಿಸಿದ ಬ್ಯಾಕ್ಟೀರಿಯಗಳ ರೋಹಿತದೊಡನೆ ಹೋಲಿಸಿದರು. ಎರಡು ರೇಖೆಗಳೂ ಒಂದರ ಮೇಲೊಂದು ಚೆನ್ನಾಗಿಯೇ ಕುಳಿತುವು. ನಕ್ಷತ್ರಗಳ ನಡುವೆ ಬ್ಯಾಕ್ಟೀರಿಯಗಳು ತುಂಬಿವೆ ಎಂದು ಅವರು ಸಾರಿದರು. ಉಳಿದ ವಿಜ್ಞಾನಿಗಳಲ್ಲಿ ಬಹುಮಂದಿ ಇದನ್ನು ಒಪ್ಪಲಿಲ್ಲ. ಕಾರಣ ಸರಳವಾದುದು. 3.4 ಮೈಕ್ರಾನಿನ ಪಟ್ಟೆಯು ಹೇಳುವುದು, ಸರಪಣಿಯಂಥ ಇಂಗಾಲಕ್ಕೆ ಜಲಜನಕ ಅಂಟಿಕೊಂಡಿದೆ ಎಂಬಷ್ಟನ್ನು ಮಾತ್ರ. ಬ್ಯಾಕ್ಟೀರಿಯದಲ್ಲಿ ಆ ಬಂಧವಿದೆ, ನಿಜ. ಮೇಣದಲ್ಲಿಯೂ ಇದೆ, ಸೀಮೆ ಎಣ್ಣೆಯಲ್ಲಿಯೂ ಇದೆ. ಬಾಗಿಲ ಹಿಂದೆ ಬಳೆಯ ಸದ್ದು ಕೇಳಿಸಿದರೆ ಬಳೆ ತೊಟ್ಟವರು ಯಾರೋ ಇದ್ದಾರೆಂದು ಹೇಳಬಹುದು, ಬಂದವಳು ಚಿಕ್ಕಮ್ಮನೇ ಎಂದು ಆಣೆ ಮಾಡಲಾಗದು.

ಈ ತೊಡಕು ಇಲ್ಲಣದ ಅಣುಗಳಿಗೂ ತಪ್ಪಿದ್ದಲ್ಲ. ಆ ಕುಲದ ಅಣುಗಳೆಲ್ಲವೂ ಹೆಚ್ಚು ಕಡಿಮೆ ಒಂದೇ ಕಡೆ ಬೆಳಗುವುದರಿಂದ ಅವಕೆಂಪು ಪಟ್ಟೆಗಳು ಕುಲವನ್ನು ಹೇಳುತ್ತವೆ, ವ್ಯಕ್ತಿಯ ಹೆಸರನ್ನು ಹೇಳುವುದಿಲ್ಲ. 2011ರಲ್ಲಿ ಹಾಂಗ್‌ಕಾಂಗಿನ ಸನ್ ಕ್ವೋಕ್ ಮತ್ತು ಯಾಂಗ್ ಝಾಂಗ್ ಅವರು, ಈ ಪಟ್ಟೆಗಳು ಶುದ್ಧ ಉಂಗುರಗಳವಲ್ಲ, ಉಂಗುರಗಳೂ ಸರಪಣಿಗಳೂ ಅಡ್ಡಾದಿಡ್ಡಿಯಾಗಿ ಬೆರೆತ ಕಲ್ಲಿದ್ದಲಿನಂಥ ವಸ್ತುವಿನವು ಎಂದು ವಾದಿಸಿದರು. ಹೆಚ್ಚಿನವರು ಉಂಗುರಗಳ ಪಕ್ಷದಲ್ಲಿದ್ದರೂ ಆ ಚರ್ಚೆ ಮುಗಿದಿಲ್ಲ. ಒಂಟಿ ಅಣುವೊಂದನ್ನು ಹೆಸರು ಹಿಡಿದು ಗುರುತಿಸುವ ಕೆಲಸವನ್ನು ಬಹುಮಟ್ಟಿಗೆ ರೇಡಿಯೋ ದೂರದರ್ಶಕಗಳು ಮಾಡಿವೆ. ಅಣುವು ಬುಗುರಿಯಂತೆ ತಿರುಗುವಾಗ ಹೊಮ್ಮುವ ರೇಡಿಯೋ ಅಲೆಗಳಲ್ಲಿ ಅಂಥ ಖಚಿತತೆಯಿದೆ. 2021ರಲ್ಲಿ ಸಾರಜನಕವನ್ನು ಅಂಟಿಸಿಕೊಂಡ ನ್ಯಾಫ್ತಲೀನ್, 2024ರಲ್ಲಿ ಅದೇ ರೀತಿಯ ಪೈರೀನ್ ವೃಷಭ ರಾಶಿಯ ಒಂದು ಕತ್ತಲ ಮೋಡದಲ್ಲಿ ಹೀಗೆ ಸಿಕ್ಕಿದುವು. ಆದರೆ ರೇಡಿಯೋಗೂ ಒಂದು ಮಿತಿ. ವಿದ್ಯುತ್ತು ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ ಇರುವ ಅಣುಗಳಷ್ಟೇ ಅದಕ್ಕೆ ಕಾಣುತ್ತವೆ. ಎಲ್ಲ ಕಡೆಯೂ ಸಮವಾಗಿರುವ ಅಣು ರೇಡಿಯೋಗೆ ಮೂಕ. ಅಂಥ ಅಣುವೊಂದರ ಕಥೆ ಸ್ವಾರಸ್ಯವಾಗಿದೆ.

ಇಂಗ್ಲೆಂಡಿನ ಹೆರಾಲ್ಡ್ ಕ್ರೋಟೋ ಅವರು ಆಕಾಶದ ಮೋಡಗಳಲ್ಲಿ ಇಂಗಾಲದ ಉದ್ದುದ್ದ ಸರಪಣಿಗಳನ್ನು ರೇಡಿಯೋ ಮೂಲಕ ಕಂಡವರು. ಅವು ಮುಪ್ಪಿನ ನಕ್ಷತ್ರಗಳ ಸುತ್ತ ಹುಟ್ಟುತ್ತವೆಯೇ ಎಂದು ಪರೀಕ್ಷಿಸುವ ಆಸೆ ಅವರಿಗೆ. 1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿನ ರಿಚರ್ಡ್ ಸ್ಮಾಲಿ ಮತ್ತು ರಾಬರ್ಟ್ ಕರ್ಲ್ ಅವರೊಡನೆ, ಪೆನ್ಸಿಲ್ಲಿನ ಕಡ್ಡಿಯ ಗ್ರಾಫೈಟನ್ನು ಲೇಸರ್ ಕಿರಣದಿಂದ ಆವಿ ಮಾಡಿ ಹೀಲಿಯಂ ಅನಿಲದಲ್ಲಿ ತಣಿಸಿದರು. ಸರಪಣಿಗಳೇನೋ ಬಂದುವು. ಜೊತೆಗೆ ಕರೆಯದೆ ಬಂದ ಅತಿಥಿಯಂತೆ, ಸರಿಯಾಗಿ 60 ಇಂಗಾಲಗಳುಳ್ಳ ಒಂದು ಅಣು ಉಳಿದೆಲ್ಲವನ್ನೂ ಮೀರಿ ಎದ್ದು ನಿಂತಿತು. 61 ಅಲ್ಲ, 59 ಅಲ್ಲ, 60ಕ್ಕೆ ಏನು ವಿಶೇಷ? ಸ್ಮಾಲಿ ಒಂದು ರಾತ್ರಿ ಕಾಗದದಲ್ಲಿ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ ಜೋಡಿಸುತ್ತ ಕುಳಿತರು. ಎಷ್ಟು ಜೋಡಿಸಿದರೂ ಹಾಳೆ ಚಪ್ಪಟೆಯಾಗಿಯೇ ಉಳಿಯಿತು, ಮುಚ್ಚಿಕೊಳ್ಳಲಿಲ್ಲ. ಐದು ಮೂಲೆಯ ತುಂಡುಗಳನ್ನು ನಡುನಡುವೆ ಸೇರಿಸಿದಾಗ ಅದು ಬಟ್ಟಲಿನಂತೆ ಬಾಗಿ, ಕೊನೆಗೆ ಚೆಂಡಾಯಿತು: 12 ಪಂಚಕೋನ, 20 ಷಟ್ಕೋನ, 60 ಮೂಲೆಗಳು. ಕಾಲ್ಚೆಂಡಾಟದ ಚೆಂಡಿನ ಹೊಲಿಗೆಯೂ ಇದೇ. ಗುಮ್ಮಟಗಳನ್ನು ಕಟ್ಟುತ್ತಿದ್ದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಶಿಲ್ಪಿಯ ಹೆಸರಿನಿಂದ ಅದನ್ನು ಫುಲರೀನ್ ಎಂದು ಕರೆದರು.

ಆದರೆ ಅವರಿಗೆ ಸಿಕ್ಕ ವಸ್ತು ಕಣ್ಣಿಗೆ ಕಾಣದಷ್ಟು ಕಡಿಮೆ. ಆಕಾರವು ಊಹೆಯೇ ಹೊರತು ಸಾಕ್ಷ್ಯವಲ್ಲವೆಂದು ಹಲವರು ಸಂದೇಹಪಟ್ಟರು. ಇಲ್ಲಿ ಅವಕೆಂಪು ಬೆಳಕು ಸಾಕ್ಷಿ ನುಡಿಯಿತು. 60 ಪರಮಾಣುಗಳ ಅಣುವಿಗೆ 174 ಬಗೆಯ ಕಂಪನಗಳು ಸಾಧ್ಯ. ಆದರೆ ಅದು ನಿಜವಾಗಿಯೂ ಚೆಂಡಿನಷ್ಟು ಸಮನಾಗಿದ್ದರೆ, ಅವುಗಳಲ್ಲಿ ಹೆಚ್ಚಿನವು ಎಡಕ್ಕೂ ಬಲಕ್ಕೂ ಸರಿತೂಗಿ ಬೆಳಕಿನೊಡನೆ ವ್ಯವಹರಿಸುವುದೇ ಇಲ್ಲ. ನಾಲ್ಕೇ ನಾಲ್ಕು ಪಟ್ಟೆಗಳು ಕಾಣಬೇಕು ಎಂದು ಗಣಿತ ಹೇಳಿತ್ತು. ಹೈಡೆಲ್‌ಬರ್ಗಿನ ಕ್ರೆಚ್ಮರ್ ಮತ್ತು ಅಮೆರಿಕದ ಹಫ್‌ಮನ್ ಎಂಬವರು ಆಕಾಶದ ಧೂಳನ್ನು ಅನುಕರಿಸುವ ಸಲುವಾಗಿ ವರ್ಷಗಳ ಹಿಂದೆಯೇ ಗ್ರಾಫೈಟಿನಿಂದ ಮಸಿ ತಯಾರಿಸಿದ್ದರು. ಅದರ ರೋಹಿತದಲ್ಲಿ ಕಂಡ ವಿಚಿತ್ರ ಉಬ್ಬುಗಳು ಅವರಿಗೆ ಅರ್ಥವಾಗಿರಲಿಲ್ಲ. ಈಗ ಆ ಮಸಿಯನ್ನು ಮತ್ತೆ ತಯಾರಿಸಿ ಅವಕೆಂಪಿನಲ್ಲಿ ನೋಡಿದರೆ, 7.0, 8.5, 17.3, 18.9 ಮೈಕ್ರಾನುಗಳಲ್ಲಿ ನಾಲ್ಕು ಪಟ್ಟೆಗಳು! ಅಷ್ಟಕ್ಕೆ ಅವರು ಹಿಗ್ಗಲಿಲ್ಲ. ತುಸು ಭಾರವಾದ ಬೇರೆ ಬಗೆಯ ಇಂಗಾಲದಿಂದ ಅದೇ ಮಸಿಯನ್ನು ಮಾಡಿ ನೋಡಿದರು. ಪರಮಾಣು ಭಾರವಾದರೆ ಕಂಪನ ನಿಧಾನವಾಗಬೇಕಲ್ಲವೆ? ನಾಲ್ಕೂ ಪಟ್ಟೆಗಳು ಲೆಕ್ಕಕ್ಕೆ ತಕ್ಕಷ್ಟೇ ಪಕ್ಕಕ್ಕೆ ಸರಿದುವು. 1990ರಲ್ಲಿ ಮಸಿಯನ್ನು ಬೆಂಜೀನಿನಲ್ಲಿ ಕರಗಿಸಿದಾಗ ಕೆಂಬಣ್ಣದ ದ್ರಾವಣ ದೊರೆತು, ಅದರಿಂದ ಫುಲರೀನಿನ ಹರಳುಗಳೂ ಕೈಗೆ ಸಿಕ್ಕಿದುವು. ಕ್ರೋಟೋ, ಸ್ಮಾಲಿ, ಕರ್ಲ್ ಮೂವರಿಗೂ 1996ರಲ್ಲಿ ನೊಬೆಲ್ ಬಹುಮಾನ ಬಂದಿತು. ಕ್ರೆಚ್ಮರ್, ಹಫ್‌ಮನ್ ಅವರ ಹೆಸರು ಅದರಲ್ಲಿ ಇಲ್ಲ. ಬಹುಮಾನವನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲ.

ನಕ್ಷತ್ರವನ್ನು ಅರಿಯಲು ಹೊರಟು ಪ್ರಯೋಗಶಾಲೆಯಲ್ಲಿ ಸಿಕ್ಕ ಈ ಚೆಂಡು ನಕ್ಷತ್ರಗಳ ಬಳಿ ಇದೆಯೇ? ಎರಡು ದಶಕಗಳ ಹುಡುಕಾಟದಲ್ಲಿ ನಿಸ್ಸಂದೇಹವಾದ ಗುರುತು ದೊರಕಲಿಲ್ಲ. 2003ರಲ್ಲಿ ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕ ಆಕಾಶಕ್ಕೇರಿತು. ಅದನ್ನೂ ತಣಿಸಿದ್ದು ದ್ರವ ಹೀಲಿಯಂ. ಅದು 2009ರಲ್ಲಿ ಮುಗಿದುಹೋಯಿತು. ಅಷ್ಟರೊಳಗೆ ಸ್ಪಿಟ್ಜರ್ ನೋಡಿದ್ದ ನೀಹಾರಿಕೆಗಳಲ್ಲಿ ದಕ್ಷಿಣಾಕಾಶದ ಟಿಸಿ 1 ಎಂಬುದೂ ಒಂದು. ಕೆನಡದಲ್ಲಿ ಕೆಲಸ ಮಾಡುತ್ತಿದ್ದ ಯಾನ್ ಕಾಮಿ ಮತ್ತು ಸಂಗಡಿಗರು ಅದರ ರೋಹಿತವನ್ನು ಪರಿಶೀಲಿಸುತ್ತಿದ್ದಾಗ, ಸಾಮಾನ್ಯವಾಗಿ ಎಲ್ಲೆಡೆ ಕಾಣುವ ಇಲ್ಲಣದ ಪಟ್ಟೆಗಳ ಬದಲು ಅದೇ ನಾಲ್ಕು ಪಟ್ಟೆಗಳು ಕಂಡುವು. 70 ಇಂಗಾಲಗಳುಳ್ಳ, ಮೊಟ್ಟೆಯಂತೆ ತುಸು ನೀಳವಾದ ಅದರ ಸೋದರನ ಪಟ್ಟೆಗಳೂ ಅಲ್ಲಿದ್ದುವು. 2010ರಲ್ಲಿ ಈ ಸುದ್ದಿ ಪ್ರಕಟವಾಯಿತು. 3.4 ಮೈಕ್ರಾನಿನ ಒಂಟಿ ಪಟ್ಟೆಗೂ ಈ ನಾಲ್ಕಕ್ಕೂ ಇರುವ ಅಂತರ ಗಮನಿಸತಕ್ಕದ್ದು. ಇಲ್ಲಿ ಕಾಣಬೇಕಾದ ಸ್ಥಳಗಳಲ್ಲೆಲ್ಲ ಪಟ್ಟೆ ಕಂಡಿದೆ. ಕುಲವಲ್ಲ, ವ್ಯಕ್ತಿಯೇ ಸಿಕ್ಕಿಬಿದ್ದಂತಾಯಿತು. ಕ್ರೋಟೋ ಆಗ ಬದುಕಿದ್ದರು. ಸ್ಮಾಲಿ ಐದು ವರ್ಷಗಳ ಹಿಂದೆ ತೀರಿಕೊಂಡಿದ್ದರು.

ಇದುವರೆಗೆ ಹೇಳಿದುದು ಕಾದ ಅಣುಗಳು ಬೆಳಗುವ ಮಾತು. ಕತ್ತಲ ಮೋಡಗಳ ಒಳಗೆ ಸ್ಥಿತಿಯೇ ಬೇರೆ. ಅಲ್ಲಿಯ ಉಷ್ಣತೆ ಸೊನ್ನೆಗಿಂತ 260 ಡಿಗ್ರಿಗೂ ಕೆಳಗೆ. ಧೂಳಿನ ಕಣಗಳ ಮೇಲೆ ನೀರು, ಇಂಗಾಲದ ಆಕ್ಸೈಡುಗಳು, ಅಮೋನಿಯ ಎಲ್ಲವೂ ಮಂಜುಗಡ್ಡೆಯಾಗಿ ಕೂರುತ್ತವೆ. ಅವು ತಾವಾಗಿ ಬೆಳಗಲಾರವು. ಆದರೆ ಮೋಡದ ಹಿಂದೆ ಅಥವಾ ಒಳಗೆ ಒಂದು ನಕ್ಷತ್ರವಿದ್ದರೆ ಅದರ ಬೆಳಕಿನಿಂದ ತಮ್ಮ ಪಾಲನ್ನು ಹೀರಿ ಗುರುತು ಬಿಡುತ್ತವೆ. ನೀರ್ಗಲ್ಲು 3 ಮೈಕ್ರಾನಿನಲ್ಲಿ, ಇಂಗಾಲದ ಡೈಆಕ್ಸೈಡು 4.27ರಲ್ಲಿ, ಮಾನಾಕ್ಸೈಡು 4.67ರಲ್ಲಿ. ಈ ಗುರುತುಗಳನ್ನು ಓದಬೇಕಾದರೆ ಭೂಮಿಯ ಮೇಲೆ ಅಂಥದೇ ಮಂಜನ್ನು ತಯಾರಿಸಿ ಅಳೆದಿರಬೇಕು. ಹಾಲೆಂಡಿನ ಲೈಡನ್ನಿನಲ್ಲಿ ಮೇಯೋ ಗ್ರೀನ್‌ಬರ್ಗ್ ಅವರು 1975ರಲ್ಲಿ ಆರಂಭಿಸಿದ ಪ್ರಯೋಗಶಾಲೆಯಲ್ಲಿ ಈ ಕೆಲಸ ದಶಕಗಳಿಂದ ನಡೆದಿದೆ. ನಿರ್ವಾತದಲ್ಲಿ ತಣ್ಣಗಿಟ್ಟ ಒಂದು ಬಿಲ್ಲೆಯ ಮೇಲೆ ಅನಿಲಗಳನ್ನು ತೆಳುವಾಗಿ ಹೆಪ್ಪುಗಟ್ಟಿಸಿ, ಅದರ ಮೂಲಕ ಅವಕೆಂಪು ಬೆಳಕು ಹಾಯಿಸಿ ದಾಖಲಿಸುವುದು. ಬೆರಕೆಯನ್ನು ಬದಲಿಸಿ ಮತ್ತೆ ದಾಖಲಿಸುವುದು. ಹೆಸರು ತಾರದ, ಬೇಸರ ತರುವ ಕೆಲಸವೇ ಸರಿ. ಮಸಿಯ ಒಗಟನ್ನು ಬಿಡಿಸಿದ ಅಲಮಂಡೋಲ ಅವರೂ ಮೊದಲು ಪಳಗಿದ್ದು ಅಲ್ಲಿಯೇ.

2021ರ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದಿಂದ ಆ ದಾಖಲೆಗಳಿಗೆ ಬೆಲೆ ಬಂದಿತು. ಆರೂವರೆ ಮೀಟರ್ ಅಗಲದ ಕನ್ನಡಿಯ ಈ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ದೊಡ್ಡದೊಂದು ಕೊಡೆಯ ನೆರಳಿನಲ್ಲಿ ನಿಂತಿದೆ. 2023ರಲ್ಲಿ ಅದು ಸುಮಾರು 600 ಜ್ಯೋತಿರ್ವರ್ಷ ದೂರದ ಗೋಸುಂಬೆ ನಕ್ಷತ್ರಪುಂಜದ ಮೋಡದಲ್ಲಿ ನೀರು, ಅಮೋನಿಯ, ಮೀಥೇನ್, ಮೆಥನಾಲ್ ಮೊದಲಾದುವುಗಳ ಮಂಜನ್ನು ತೋರಿಸಿತು. 2024ರಲ್ಲಿ, ಹುಟ್ಟುತ್ತಿರುವ ಎರಡು ನಕ್ಷತ್ರಗಳ ಸುತ್ತ ಇನ್ನೂ ಜಟಿಲವಾದ ಅಣುಗಳು ಮಂಜಿನ ರೂಪದಲ್ಲಿ ಸಿಕ್ಕಿದುವು: ಎಥನಾಲ್ ಎಂಬ ಮದ್ಯಸಾರ, ಅಸಿಟಾಲ್ಡಿಹೈಡ್, ಮೀಥೈಲ್ ಫಾರ್ಮೇಟ್. ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವೂ ಇರುವಂತಿದೆ. ಆದರೆ ಅದನ್ನು ಕಂಡವರೇ 'ಇರುವ ಸಂಭವ ಹೆಚ್ಚು' ಎಂಬುದಕ್ಕಿಂತ ಮುಂದೆ ಹೋಗಲಿಲ್ಲ. ಇಂಥ ಅಣುಗಳನ್ನು ಅನಿಲರೂಪದಲ್ಲಿ ರೇಡಿಯೋ ದೂರದರ್ಶಕಗಳು ಮೊದಲೇ ಕಂಡಿದ್ದುವು. ಅವು ಹುಟ್ಟುವುದೆಲ್ಲಿ ಎಂಬುದು ಪ್ರಶ್ನೆಯಾಗಿತ್ತು. ಮಂಜಿನೊಳಗೇ ಅವು ದೊರೆತುದರಿಂದ, ಧೂಳಿನ ಕಣದ ಮೇಲಿನ ಮಂಜೇ ಅವುಗಳ ತೊಟ್ಟಿಲು ಎಂಬ ಮತಕ್ಕೆ ಬಲ ಬಂದಿತು. ಅದೇ ಧೂಳು, ಅದೇ ಮಂಜು ಮುಂದೆ ಒಂದುಗೂಡಿ ಗ್ರಹಗಳೂ ಧೂಮಕೇತುಗಳೂ ಆಗುತ್ತವೆ.

ಇಲ್ಲಣದ ಕಥೆಯೂ ಮುಂದುವರಿದಿದೆ. 2023ರಲ್ಲಿ ವೆಬ್ ದೂರದರ್ಶಕವು ಎಸ್‌ಪಿಟಿ 0418-47 ಎಂಬ ಗೆಲಾಕ್ಸಿಯ ಕಡೆಗೆ ತಿರುಗಿತು. ಅಲ್ಲಿಂದ ಬೆಳಕು ಹೊರಟು 1,200 ಕೋಟಿ ವರ್ಷಗಳಾಗಿವೆ. ವಿಶ್ವಕ್ಕೆ ಆಗ 150 ಕೋಟಿ ವರ್ಷವೂ ತುಂಬಿರಲಿಲ್ಲ, ಭೂಮಿ ಹುಟ್ಟಿಯೇ ಇರಲಿಲ್ಲ. ನಡುವೆ ಇರುವ ಇನ್ನೊಂದು ಗೆಲಾಕ್ಸಿಯ ಗುರುತ್ವಾಕರ್ಷಣೆಯು ಭೂತಗನ್ನಡಿಯಂತೆ ಆ ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ. ವಿಶ್ವವು ಹಿಗ್ಗುತ್ತಿರುವುದರಿಂದ ಬೆಳಕಿನ ಅಲೆಗಳೂ ದಾರಿಯಲ್ಲಿ ಐದು ಪಟ್ಟಿಗಿಂತ ಹೆಚ್ಚು ಉದ್ದವಾಗಿವೆ. ಆದುದರಿಂದ ವಿಜ್ಞಾನಿಗಳು 3.3 ಮೈಕ್ರಾನಿನ ಪಟ್ಟೆಯನ್ನು 17 ಮೈಕ್ರಾನಿನ ಬಳಿ ಹುಡುಕಿದರು, ಅದು ಅಲ್ಲಿತ್ತು. ಇಂಗಾಲದ ಉಂಗುರದ ಅಂಚಿಗೆ ಅಂಟಿಕೊಂಡ ಜಲಜನಕ ಅಂದೂ ಹೀಗೆಯೇ ಕಂಪಿಸುತ್ತಿತ್ತು. ಆದರೆ ಆ ಗೆಲಾಕ್ಸಿಯಲ್ಲಿ ಮಸಿ ಎಲ್ಲೆಡೆ ಒಂದೇ ಸಮನಾಗಿ ಹರಡಿಲ್ಲ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಕೆಲವು ಕಡೆ ಮಸಿಯೇ ಕಾಣದು. ಮಸಿ ದಟ್ಟವಾಗಿರುವ ಕೆಲವು ಕಡೆ ಹೊಸ ನಕ್ಷತ್ರಗಳು ಕಾಣವು. ಬೆಂಕಿಯಿಲ್ಲದೆ ಹೊಗೆಯಿಲ್ಲವೆಂಬ ಗಾದೆ ಅಲ್ಲಿ ಏಕೆ ನಡೆಯಲಿಲ್ಲವೆಂಬುದನ್ನು ಅವರು ಈಗ ಹುಡುಕುತ್ತಿದ್ದಾರೆ.